ಒಂದು ವಾರದ ರೆಸ್ಟ್

ಸುರೇಬಾನದ ಕಡೆ ಒಂದು ಸಾಲಿಯಲ್ಲಿ ಮಕ್ಕಳಿಗೆ ಓಟ ಕಲಿಸುತ್ತಿದ್ದೆ. ಜಿಲ್ಲಾ ಆಯ್ಕೆಗೆ ಹತ್ತು ದಿನ ಇದ್ದಾಗ, ಎಲ್ಲರಿಗಿಂತ ಜೋರು ಓಡುತ್ತಿದ್ದ ಭಾಗ್ಯಶ್ರೀಯ ಮೊಣಕಾಲು ಬಾತುಕೊಂಡಿತು. ಒಂದು ವಾರ ಪೂರ್ತಿ ರೆಸ್ಟ್ ಮಾಡು ಅಂತ ಕಳಿಸಿದೆ. ವಾರದ ಮೇಲೆ ಅವ್ವನ ಜೊತೆ ಬಂದಳು, ಮೊದಲಿಗಿಂತ ಹೆಚ್ಚು ಕುಂಟುತ್ತ.

“ಓಡಿದ್ಯೇನು?” ಅಂತ ಗದರಿದೆ.

“ಒಂದ ಹೆಜ್ಜಿನೂ ಓಡಿಲ್ರಿ ಸರ್. ಕಬ್ಬಿನ ಹೊಲದಾಗ ಕಸಾ ತಗದೇನ್ರಿ, ಅಷ್ಟ.”

ಸಿಟ್ಟು ಅವ್ವನ ಕಡೆ ತಿರುಗಿತು. “ರೆಸ್ಟ್ ಅಂದ್ರ ಸುಮ್ನ ಕುಂದ್ರೂದ್ರಿ!”

“ತಿಳೀಲಿಲ್ರಿ ಸರ್. ನಮ್ಮ ಮನ್ಯಾಗ ಯಾರೂ ಹಂಗ ಕುಂತಿಲ್ರಿ.”

ನಾಚಿಕೆಯಾಗಿ ನನ್ನ ಕುರ್ಚಿ ಸರಿಸಿ, “ಕುಂದರ್ರಿ” ಅಂದೆ. ಆಕೆ ಮಗಳನ್ನು ಅದರಲ್ಲಿ ಕೂರಿಸಿ, “ನಂದು ಇನ್ನ ಅರ್ಧಾ ಹೊಲ ಉಳದೈತ್ರಿ” ಅಂತ ಹೊರಟಳು.

ಹೋಗುವಾಗ ನೋಡಿದೆ, ಮಗಳಿಗಿಂತ ಅವ್ವನೇ ಹೆಚ್ಚು ಕುಂಟುತ್ತಿದ್ದಳು. ಆಕೆಗೆ ರೆಸ್ಟ್ ಹೇಳುವಷ್ಟು ದೊಡ್ಡ ಕೋಚ್ ನಾನಾಗಿರಲಿಲ್ಲ.