ಪಕ್ಕದ ಮನೆಯ ಅಕ್ಕ ಮತ್ತು ನನ್ನ ಊದಿದ ಕಾಲು

ಬಾಬುರಾಯನಕೊಪ್ಪಲಿನ ನಮ್ಮ ಪಕ್ಕದ ಮನೆಯ ಅಕ್ಕ ಹಸು ಸಾಕಿದ್ದರು, ಸ್ಕೂಟರಿನಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದರು. ಯಾರಾದರೂ ಅಂಗಂತೆ, ಇಂಗಂತೆ ಎಂದರೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಅಂತೆಕಂತೆ ಯಾಕೆ? ನೋಡೇ ಬುಡಾನ" ಎನ್ನುವರು.

ನನಗಾಗ ಒಂಬತ್ತನೇ ತಿಂಗಳು ಬಿದ್ದಿತ್ತು. ಕಾಲು, ಮುಖ ಊದಿಕೊಂಡಿದ್ದವು; ತಡೆಯಲಾರದ ತಲೆನೋವು ಬೇರೆ. "ಬಸುರೀಲಿ ಊತ ಬರದೆ ಇರ್ತದಾ? ನೀರು ಕಮ್ಮಿ ಕುಡಿ, ಊಟ ಕಮ್ಮಿ ಮಾಡು, ಹೆರಿಗೆ ಸಲೀಸಾಯ್ತದೆ" ಎಂದು ಅತ್ತೆ ಪ್ರೀತಿಯಿಂದಲೇ ಹೇಳುತ್ತಿದ್ದರು. ಅವರ ಅತ್ತೆಯೂ ಅವರಿಗೆ ಹಾಗೇ ಹೇಳಿದ್ದರಂತೆ.

ಒಂದು ಬೆಳಿಗ್ಗೆ ಹಾಲು ತಂದ ಅಕ್ಕ ನನ್ನ ಮುಖ ನೋಡಿ ಕ್ಯಾನು ಕೆಳಗಿಟ್ಟರು.

"ಕಣ್ಣು ಮಂಜಾಯ್ತದಾ?"

ಹೌದು ಎಂದೆ.

"ಏಳವ್ವ, ಆಸ್ಪತ್ರೆಗೆ ಓಗಾನ."

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ತುಂಬಿದ ಬಸುರೀನ ಸ್ಕೂಟರಲ್ಲಿ ಕೂರಿಸ್ತೀಯಾ?"

"ಆಟೋ ಕರೀತೀನಿ ದೊಡ್ಡವ್ವ. ನೀವೇಳಿದ್ದೇ ನಿಜ ಆದ್ರೆ ಬೈಯಿರಿ, ಬೈಸ್ಕತ್ತೀನಿ. ಈಗ ದಾರಿ ಬುಡಿ."

ಅಕ್ಕನ ದನಿ ಏರಲಿಲ್ಲ. ಹಿಡಿದ ನನ್ನ ಕೈಯನ್ನು ಅವರು ಬಿಡಲೂ ಇಲ್ಲ.

ಶ್ರೀರಂಗಪಟ್ಟಣದ ಆಸ್ಪತ್ರೆಯಲ್ಲಿ ಬಿಪಿ ನೋಡಿದ ಡಾಕ್ಟರು, ಅದು ವಿಪರೀತ ಏರಿದೆ, ತಡಮಾಡಿದ್ದರೆ ತಾಯಿ ಮಗು ಇಬ್ಬರಿಗೂ ಅಪಾಯವಿತ್ತು ಎಂದು, ಕೂಡಲೇ ಚುಚ್ಚುಮದ್ದು ಕೊಟ್ಟು ಮೈಸೂರಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಅಕ್ಕ ತಮ್ಮ ಗಂಡನಿಗೆ ಫೋನ್ ಮಾಡಿ, "ಸಾಯಂಕಾಲ ಹಾಲು ನೀವೇ ಕರ್ಕಳಿ. ನಾನಿವತ್ತು ಬರಾಕಿಲ್ಲ" ಎಂದರು.

ಮರುದಿನ ಮಗಳು ಹುಟ್ಟಿದಳು. ಸಣ್ಣ ಕೂಸು, ಗಟ್ಟಿ ಅಳು. ನರ್ಸು ಮಗುವನ್ನು ತಂದಾಗ ಅತ್ತೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಪಕ್ಕಕ್ಕೆ ಸರಿದರು.

"ಮೊದ್ಲು ನೀನೆತ್ಕೊ" ಎಂದರು ಅಕ್ಕನಿಗೆ.