ವಾರಕ್ಕೆ ಕೊಟ್ಟ ಮಗ್ಗ

ಬಿ.ಕಾಂ. ಓದುವಾಗ ಮೇಷ್ಟ್ರು ಬೋರ್ಡಿನ ಮೇಲೆ ವೆಂಚರ್ ಕ್ಯಾಪಿಟಲ್, ಗ್ರೋತ್ ಕ್ಯಾಪಿಟಲ್ ಎಂದು ಬರೆದರು. ಮೊದಲನೆಯದು ಇನ್ನೂ ಕಣ್ಣು ಬಿಡದ ಉದ್ಯಮಕ್ಕೆ ಹಾಕುವ ಹಣ. ಅದು ಮುಳುಗಿದರೆ ಹಾಕಿದವರದೂ ಮುಳುಗುತ್ತದೆ. ಎರಡನೆಯದು ನಡೆಯುತ್ತಿರುವುದನ್ನು ದೊಡ್ಡದು ಮಾಡಲು. ತೊಂಬತ್ತರ ದಶಕದ ಶುರುವಿನಲ್ಲಿ ಹಿಂದೂಪುರಕ್ಕೆ ಇವು ಹೊಸ ಮಾತು. ನನಗೆ ಮಾತ್ರ ಒಬ್ಬಳು ಅತ್ತೆ, ಒಬ್ಬ ಸಾಹುಕಾರರು ಕಣ್ಣ ಮುಂದೆ ಬಂದರು.

ಅಪ್ಪ ಬೇರೆಯವರ ಮಗ್ಗದಲ್ಲಿ ಕೂಲಿಗೆ ರೇಷ್ಮೆ ಸೀರೆ ನೇಯುತ್ತಿದ್ದ. ಸ್ವಂತ ಮಗ್ಗ ಹಾಕಿ, ಅರಿಶಿನ ಬಣ್ಣದ ಒಡಲಿಗೆ ಕುಂಕುಮದ ಅಂಚು ಕೂಡಿಸಬೇಕೆಂಬುದು ಅವನ ಆಸೆ. ಸೀರೆ ಸಾಹುಕಾರರನ್ನು ಹಣ ಕೇಳಿದ.

"ಮೊದ್ಲು ಒಂದು ಮಗ್ಗ ಓಡ್ಸಿ ತೋರ್ಸಪ್ಪ. ಆಮೇಲೆ ಎರಡಕ್ಕೆ ನಾನೇ ಕೊಡ್ತೀನಿ."

ಆ ಮೊದಲನೆಯದಕ್ಕೆ ಕೊಟ್ಟವಳು ಕಲ್ಯಾಣದುರ್ಗದ ಅತ್ತೆ, ಅಪ್ಪನ ಅಕ್ಕ. ಅವಳು ಕುರಿಮರಿ ಕೊಂಡು ಕಂಬದೂರು ಕಡೆಯವರಿಗೆ ವಾರಕ್ಕೆ ಬಿಡುತ್ತಿದ್ದಳು. ಮರಿ ಇವಳದು, ಮೇಯಿಸುವುದು ಅವರದು, ಬಂದದ್ದರಲ್ಲಿ ಇಬ್ಬರಿಗೂ ಸಮಪಾಲು. ಮರಿ ಸತ್ತರೆ ಚರ್ಮ ತಂದು ತೋರಿಸಬೇಕು, ಅಲ್ಲಿಗೆ ಲೆಕ್ಕ ಚುಕ್ತಾ.

"ಮಗ್ಗಾನೂ ವಾರಕ್ಕೇ ಕಣ್ಲಾ, ತಗೊಂಡೋಗು" ಅಂದಳು.

ಅಮ್ಮ ಪೇಟೆಯವಳು. ಅವಳಿಗೆ ಗೊತ್ತಿದ್ದ ವಾರವೆಂದರೆ ಪ್ರತಿ ವಾರ ಬಾಗಿಲಿಗೆ ಬಂದು ಕಂತು ಕೇಳುವ ಸಾಲ. ಮಗ್ಗಕ್ಕೆ ಇನ್ನೂ ಹಾಸಿನ ನೂಲು ಏರಿರಲಿಲ್ಲ, ಆಗಲೇ ಮನೆಗೆ ಹಾಲು ನಿಲ್ಲಿಸಿ, ಉಳಿಸಿದ ಕಾಸು ಗಂಟು ಕಟ್ಟಿ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿಬಿಟ್ಟಳು. ಮಾರನೆಯ ದಿನ ಅತ್ತೆ ಗಂಟಿನ ಸಮೇತ ಬಂದಿಳಿದಳು.

"ನಾನೇನು ಬಡ್ಡಿಯೋಳೇನಮ್ಮ? ಕುರಿಮರಿಗೆ ಯಾರಾದ್ರೂ ಕಂತು ಕಟ್ತಾರಾ?"

ಅಮ್ಮ ಪೆಚ್ಚಾಗಿ ಕಾಫಿಗೆ ನೀರಿಟ್ಟಳು. ಹಾಲಿರಲಿಲ್ಲ.

ಮೊದಲ ಸೀರೆಗಳು ಕೈಕೊಟ್ಟವು. ಅಂಚಿನ ಕೆಂಪು ಒಡಲಿಗೆಲ್ಲ ಇಳಿದು, ಅಂಗಡಿಯವರು ವಾಪಸು ಕಳಿಸಿದರು. ಮಗ್ಗ ಮಾರಿ ಮತ್ತೆ ಕೂಲಿಗೇ ಹೋಗುವುದೆಂದು ಅಪ್ಪ ತೀರ್ಮಾನಿಸಿದ. ಅಂಥ ಒಂದು ಸೀರೆಯನ್ನು ಕಾಗದದಲ್ಲಿ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು ಕಲ್ಯಾಣದುರ್ಗಕ್ಕೆ ಹೋದ. ಅತ್ತೆಯ ಮುಂದೆ ಅದನ್ನು ಹರವಿ ತಲೆ ತಗ್ಗಿಸಿ ಕೂತ. ನನಗೆ ಅಳು ಬಂತು.

ಅತ್ತೆ ಸೀರೆಯನ್ನು ತಿರುವಿ ನೋಡಿ ಮಡಿಸಿಟ್ಟುಕೊಂಡಳು.

"ಸರಿ, ಚರ್ಮ ನೋಡ್ದೆ. ಒಂದು ಸತ್ತೋಯ್ತು ಅಂತ ಕುರಿ ಸಾಕೋದೇ ಬಿಟ್ಬುಡ್ತಾರೇನ್ಲಾ? ಇನ್ನೊಂದು ಮರಿ ಕೊಡ್ತೀನಿ. ಈ ಸಲ ಬಣ್ಣ ಹಾಕೋನ್ನ ಬದಲಾಯ್ಸು."

ಬದಲಾಯಿಸಿದ. ಸೀರೆ ಹೋಗತೊಡಗಿದವು. ಆಗ ಸಾಹುಕಾರರು ತಾವಾಗಿಯೇ ಬಂದು ಎರಡು ಮಗ್ಗಕ್ಕೆ ಹಣ ಹಾಕಿದರು. ಅವರನ್ನು ನಾನು ಆಡಿಕೊಳ್ಳುವುದಿಲ್ಲ. ಅವರಿಲ್ಲದಿದ್ದರೆ ನಾನು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದರೆ ಪ್ರೀತಿ ಅತ್ತೆಯ ಮೇಲೆಯೇ.

ಹೊಸ ಮಗ್ಗಗಳ ಪೂಜೆಗೆ ಅತ್ತೆ ಬಂದಳು, ಬಣ್ಣ ಇಳಿದ ಅದೇ ಸೀರೆ ಉಟ್ಟು. ಸಾಹುಕಾರರ ಎದುರು ಅಪ್ಪನಿಗೆ ಮುಜುಗರ.

"ಬೇರೆ ಸೀರೆ ಇರ್ಲಿಲ್ವೇನಕ್ಕ?" ಎಂದು ಪಿಸುಗುಟ್ಟಿದ.

ಅತ್ತೆ ಸೆರಗು ಸರಿಮಾಡಿಕೊಂಡಳು. "ಕೊಬ್ಬಿದ ಕುರಿ ಎಲ್ರೂ ನೋಡ್ತಾರೆ ಕಣ್ಲಾ. ಸತ್ತ ಮರೀನೂ ಒಂದ್ಸಲ ನೋಡ್ಲಿ ಬಿಡು."