ಕಂಪೆನಿಯ ಭೂತ

ಮುಖಕ್ಕೆ ಮಣ್ಣು ಮೆತ್ತಿಕೊಳ್ಳಲು ಕಾಸು ಕೊಡುವವರನ್ನು ನೀವು ನೋಡಿದ್ದೀರಾ? ನಾನು ನೋಡಿದೆ, ಹೋದ ವಾರ, ಸಾಸ್ತಾನದ ಮದುವೆ ಮನೆಯಲ್ಲಿ. ಮದುಮಗಳೂ ಅವಳ ಗೆಳತಿಯರೂ ಪೊಟ್ಟಣದ ಜೇಡಿಮಣ್ಣು ಕಲಸಿ ಬಳಿದುಕೊಂಡು, ನಕ್ಕರೆ ಬಿರಿಯುತ್ತದೆಂದು ತುಟಿ ಬಿಗಿಹಿಡಿದು ಸಾಲಾಗಿ ಕೂತಿದ್ದರು. ನಗಿಸಲೆಂದೇ ನಾನು ಹತ್ತಿರ ಹೋದೆ. ಆ ಹಸಿ ಮಣ್ಣಿನ ವಾಸನೆ ಮೂಗಿಗೆ ಬಂತು, ನಗಿಸುವುದು ಮರೆತೇ ಹೋಯಿತು. ಸಂಜೆ ಹಂಚಿನ ಕಾರ್ಖಾನೆಯಿಂದ ಬರುತ್ತಿದ್ದ ಆಚೆಮನೆ ಅಕ್ಕನ ಸೀರೆಯ ವಾಸನೆ ಅದು…

ಆಗ ನಮ್ಮ ಮನೆ ತಲ್ಲೂರಿನಲ್ಲಿ. ಎರಡನೇ ಮಹಾಯುದ್ಧ ಮುಗಿದ ಹೊಸತು, ಬ್ರಿಟಿಷರು ಇನ್ನೂ ಇದ್ದರು. ನಾನಿನ್ನೂ ಲಂಗ ಎತ್ತಿಕಟ್ಟಿ ಹೊಳೆಯಲ್ಲಿ ಚಿಪ್ಪು ಹೆಕ್ಕುವ ಪ್ರಾಯದವಳು. ಆಚೆಮನೆ ಅಕ್ಕ ಕಾರ್ಖಾನೆಯಲ್ಲಿ ಒತ್ತುಯಂತ್ರದ ಕೆಳಗಿನಿಂದ ಹಸಿ ಹಂಚು ಎತ್ತಿ ಹಲಗೆಗೆ ಇಡುತ್ತಿದ್ದಳು. ಗಂಡ ಇರಲಿಲ್ಲ, ಕಣ್ಣು ಕಾಣದ ಅತ್ತೆಯೊಬ್ಬಳು. ಅಕ್ಕ ಕೆಲಸಕ್ಕೆ ಹೋಗದಿದ್ದರೆ ಆ ಮನೆಯ ಒಲೆ ಉರಿಯುತ್ತಿರಲಿಲ್ಲ. ಒಂದು ದಿನ ಅವಳು ಕೈ ತೆಗೆಯುವ ಮೊದಲೇ ಯಂತ್ರ ಇಳಿಯಿತು. ಬಲಗೈಯ ಮೂರು ಬೆರಳು ಹೋದವು. ಕಾನೂನು ಇತ್ತೆಂದು ಕಂಪೆನಿ ಬೆರಳಿನ ಪರಿಹಾರ ಕೊಟ್ಟಿತು, ಭಿಕ್ಷೆ ಹಾಕುವವರ ಹಾಗೆ ಹೊರಗೆ ನಿಲ್ಲಿಸಿ.

ಈಗ ನಾನು ಒಂದೇ ಬೆರಳಲ್ಲಿ ಫೋನು ಒತ್ತಿ ಇಷ್ಟೆಲ್ಲ ಬರೆಯುತ್ತಿದ್ದೇನೆ. ಬೆರಳು ಇಲ್ಲದಿದ್ದರೆ ಎಷ್ಟೆಲ್ಲ ನಿಲ್ಲುತ್ತದೆ ಎಂಬುದನ್ನು ನಾನು ಕಂಡದ್ದು ಅವಳ ಮನೆಯಲ್ಲಿ. ನೀರು ಸೇದುವುದು, ಭತ್ತ ಕುಟ್ಟುವುದು, ಅತ್ತೆಯನ್ನು ಎತ್ತಿ ಕೂರಿಸುವುದು, ಎಲ್ಲವೂ ಎಡಗೈಗೆ ಬಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಎಡಭುಜ ಕಟ್ಟಿಹೋಗಿ, ಕೈ ತಲೆಯವರೆಗೆ ಏಳದಾಯಿತು. ನನ್ನ ಅಮ್ಮ ದಿನಾ ಹೋಗಿ ಅವಳ ತಲೆ ಬಾಚಿ ಬರುತ್ತಿದ್ದಳು.

ಅದಕ್ಕಿಂತ ಕೆಟ್ಟದ್ದು ಹೆದರಿಕೆ. ಕಾರ್ಖಾನೆಯ ಸೈರನ್ನಿನ ಕೂಗು ಊರಿಗೆಲ್ಲ ಗಡಿಯಾರವಾಗಿತ್ತು. ಅದು ಕೂಗಿದರೆ ನಾವು ಗಂಜಿಗೆ ಕೂರುತ್ತಿದ್ದೆವು. ಅವಳು ಹಿಡಿದದ್ದನ್ನು ಬಿಟ್ಟು, ಬಲಗೈಯನ್ನು ಎದೆಗೆ ಅವುಚಿಕೊಂಡು ನಡುಗುತ್ತಿದ್ದಳು. ಎಷ್ಟು ಮಡಕೆ ಒಡೆದವೋ… ಅತ್ತೆಯ ಮಾತಿಗೆ ಅವಳು, ಮೈಮೇಲೆ ದೈವ ಬರುವ ದರ್ಶನದ ಪಾತ್ರಿಯ ಹತ್ತಿರ ಹೋದಳು. ನಮ್ಮಲ್ಲಿ ಹೆದರಿಕೆಗೆ ಮೊದಲ ಮದ್ದು ಅದೇ. ಮೈಮೇಲೆ ದೈವ ಬಂದು ಪಾತ್ರಿ ಹೇಳಿದ: ಕಾರ್ಖಾನೆಯ ಹಿಂದಿನ ಹಾಡಿಯ ಮರಗಳಲ್ಲಿ ಇದ್ದ ಭೂತ, ಕಂಪೆನಿ ಮರ ಕಡಿದಾಗ ನೆಲೆ ತಪ್ಪಿ ಇವಳನ್ನು ಹಿಡಿದಿದೆ.

ಭುಜಕ್ಕೂ ಹೆದರಿಕೆಗೂ ಪರಿಹಾರ ಕೇಳಿದಾಗ ಕಂಪೆನಿ ಇಲ್ಲವೆಂದಿತು. ಯಂತ್ರಕ್ಕೆ ಸಿಕ್ಕಿದ್ದು ಬಲಗೈ, ನೋಯುವುದು ಎಡಗೈ, ಅದಕ್ಕೂ ನಮಗೂ ಏನು? ಹೆದರಿಕೆಯಂತೂ ಗಾಯವೇ ಅಲ್ಲವಂತೆ. ಶಾಲೆಯ ಮಾಸ್ತರರ ಕೈಯಲ್ಲಿ ಬರೆಸಿ ಅಕ್ಕ ಮೇಲಿನವರಿಗೆ ಅಪೀಲು ಹಾಕಿದಳು. ಬಹಳ ತಿಂಗಳ ಮೇಲೆ ಅದನ್ನು ಕೇಳಲು ಸರಕಾರದ ಒಬ್ಬ ಬಿಳಿ ಸಾಹೇಬರು ಕುಂದಾಪುರದ ಬಂಗಲೆಗೆ ಬಂದರು. ದೋಣಿಯಲ್ಲಿ ಹೊಳೆ ದಾಟಿ ಹೋದೆವು, ಅಕ್ಕ, ಅಮ್ಮ, ಅಮ್ಮನ ಸೆರಗು ಹಿಡಿದು ನಾನು.

ಸಾಹೇಬರಿಗೆ ನಮ್ಮ ಭಾಷೆ ಬಾರದು. ನಮ್ಮ ಮಾತನ್ನು ಅವರಿಗೆ ತಿಳಿಸುವವನು ಕಂಪೆನಿಯ ಲೆಕ್ಕ ಬರೆಯುವ ರೈಟರೇ. ಎಂಥಾ ನ್ಯಾಯ ನೋಡಿ. ಅವನು ಮೊದಲು ನಮಗೆ ಕೇಳುವ ಹಾಗೆ ಹೇಳಿದ: "ಇವ್ಳಿಗ್ ಭೂತ ಹಿಡ್ದದ್ದ್. ಯಂತ್ರ ಎಂತ ಮಾಡೂದ್? ಪಾತ್ರಿ ಹತ್ರ ಹೋಯಿ ಕೇಂಡದ್ದ್ ಇವ್ಳೇ ಅಲ್ದಾ?"

ಅಕ್ಕ ತಲೆ ಎತ್ತಿದಳು. "ಹೌದ್ ಒಡೆಯ, ಕೇಂಡದ್ದ್ ನಾನೇ. ಪಾತ್ರಿ ಹೇಳ್ದದ್ದ್ ಪೂರ್ತಿ ಕೇಣಿ. ಕಂಪೆನಿ ಹಾಡಿ ಕಡ್ದದ್ದಕ್ಕೆ ಎದ್ದ್ ಬಂದ ಭೂತ ಅಂಬ್ರ್. ಹಂಗಾರೆ ಭೂತವೂ ಕಂಪೆನಿದೇ ಅಲ್ದಾ? ಅದ್ರ್ ಖರ್ಚ್ ನಾ ಎಂತಕ್ಕ್ ಕೊಡ್ಕ್?"

ರೈಟರು ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಸಾಹೇಬರು ಕುರ್ಚಿ ಅಲುಗುವ ಹಾಗೆ ನಕ್ಕರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ರೈಟರು ನಕ್ಕ, ಜವಾನ ನಕ್ಕ. ಗೆದ್ದೆವು ಎಂದುಕೊಂಡು ಅಮ್ಮನೂ ನಕ್ಕಳು, ನಾನೂ ನಕ್ಕೆ. ಆಮೇಲೆ ಸಾಹೇಬರು ಅಪೀಲು ವಜಾ ಮಾಡಿ ಎದ್ದು ಊಟಕ್ಕೆ ಹೋದರು.

ಗದರಿಸಿ ಕಳಿಸಿದ್ದರೆ ನನಗೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ. ನಕ್ಕರಲ್ಲ, ಅದಕ್ಕೆ ಸಿಟ್ಟು. ಅವಳ ಉತ್ತರಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ, ಹಲ್ಲು ಮಾತ್ರ ಇತ್ತು. ಊರಿನವರೋ, ಸಾಹೇಬರು ಒಳ್ಳೆಯವರು, ಬಡವಳ ಮಾತಿಗೆ ನಕ್ಕರು ಎಂದು ಹೊಗಳಿದರು.

ವಾಪಸು ಬರುವಾಗ ಸುದ್ದಿ ನಮಗಿಂತ ಮೊದಲು ದೋಣಿ ಹತ್ತುವ ಕಡವಿಗೆ ಮುಟ್ಟಿತ್ತು. "ಅಕ್ಕ, ನಿಮ್ ಭೂತ ದೋಣಿ ಹತ್ತಿತಾ? ಅದ್ಕೂ ಕಡವಿನ್ ಕಾಸ್ ಕಂಪೆನಿಯೇ ಕೊಡ್ಕಾ?" ಎಂದು ದೋಣಿಯವನು ಕೇಳಿದ. ದೋಣಿಯಲ್ಲಿದ್ದವರೆಲ್ಲ ನಕ್ಕರು. ನಡುಹೊಳೆಯಲ್ಲಿ ಕಾರ್ಖಾನೆಯ ಕೂಗು ಎದ್ದಿತು. ಅಕ್ಕನ ಕೈಯಿಂದ ಓಲೆಕೊಡೆ ಹೊಳೆಗೆ ಬಿತ್ತು. ಅವಳು ಬಲಗೈಯನ್ನು ಎದೆಗೆ ಒತ್ತಿಕೊಂಡು ಮುದುಡಿ ಕೂತಳು, ಹಲ್ಲು ಕಟಕಟ ಎನ್ನುತ್ತಿತ್ತು. ಅಮ್ಮ ಎರಡೂ ಅಂಗೈಗಳಿಂದ ಅವಳ ಕಿವಿ ಮುಚ್ಚಿ ಹಿಡಿದಳು. ಆಚೆ ದಡ ಮುಟ್ಟುವವರೆಗೆ ಬಿಡಲಿಲ್ಲ. ಕೊಡೆ ತೇಲುತ್ತಾ ಹೋಯಿತು, ಯಾರೂ ಹಿಡಿಯಲಿಲ್ಲ…

ಅತ್ತೆ ತೀರಿದ ಮೇಲೆ, ಆ ಕೂಗು ಕೇಳದ ಊರು ಬೇಕೆಂದು ಅವಳು ಬೈಂದೂರಿನ ಅಣ್ಣನ ಮನೆಗೆ ಹೋದಳು. ಅಲ್ಲಿ ಅವಳ ತಲೆ ಯಾರು ಬಾಚುತ್ತಿದ್ದರೋ ಗೊತ್ತಿಲ್ಲ. ಸತ್ತ ಸುದ್ದಿ ನಮಗೆ ತಲುಪಿದ್ದು ಎಲ್ಲ ಮುಗಿದ ಮೇಲೆ. ಅವಳನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದವಳು ನಾನೊಬ್ಬಳೇ ಇರಬೇಕು.

ಮದುವೆ ಮನೆಯಲ್ಲಿ ಊಟ ಮುಗಿಸಿ ಜಗಲಿಯಲ್ಲಿ ಕೂತು ಹುಡುಗಿಯರಿಗೆ ಇವಳ ಸುದ್ದಿ ತೆಗೆದೆ. ಪಕ್ಕದಲ್ಲಿ ಕವಳದ ಎಲೆಯಡಿಕೆ ಜಗಿಯುತ್ತಿದ್ದ ಮದುಮಗಳ ಸೋದರಮಾವ, "ಕಂಪೆನಿ ಭೂತದ್ ಕಥಿ ಅಲ್ದಾ? ನಂಗೊತ್ತಿತ್ತ್, ನಾ ಹೇಳ್ತೆ" ಎಂದು ಬಾಯಿ ಹಾಕಿದ. ಚೆನ್ನಾಗಿಯೇ ಹೇಳಿದ. ಸಾಹೇಬರ ಹಾಗೆ ನಕ್ಕು, ಕಣ್ಣು ಒರೆಸಿಯೂ ತೋರಿಸಿದ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅವನ ಕಥೆ ಅಲ್ಲಿಗೆ ಮುಗಿಯಿತು.

ಉಳಿದದ್ದನ್ನು ನಾನು ಹೇಳಿದೆ. ಭುಜ, ದೋಣಿ, ಬೈಂದೂರು. ಸೋದರಮಾವ ಎದ್ದು ಅಂಗಳದ ಮೂಲೆಗೆ ಉಗಿದು ಬಂದು ಹೇಳಿದ:

"ಎಂತ ಅಜ್ಜಿ ನೀವ್, ಒಳ್ಳೆ ಕಥಿ ಹಾಳ್ ಮಾಡ್ದ್ರಿ."